ಗುಸ್ಟಾವ್ ಕಿರ್ಖಾಫ್
ವಿದ್ಯುನ್ಮಂಡಲದ ಲೆಕ್ಕವೆಂದರೆ ಬೆದರುವ ನಾವು, ಅದಕ್ಕೆ ದಾರಿ ತೋರಿದವನೂ ಒಬ್ಬ ವಿದ್ಯಾರ್ಥಿಯೇ ಎಂಬುದನ್ನು ಮರೆಯುತ್ತೇವೆ. ಗುಸ್ಟಾವ್ ಕಿರ್ಖಾಫನು 1824ರಲ್ಲಿ ಪ್ರಷ್ಯದ ಕೋನಿಗ್ಸ್‌ಬರ್ಗಿನಲ್ಲಿ ಜನಿಸಿದನು. ಅಲ್ಲಿಯೇ ಓದುತ್ತಿದ್ದಾಗ, 1845ರಲ್ಲಿ, ತನ್ನ ಎರಡು ನಿಯಮಗಳನ್ನು ಪ್ರಕಟಿಸಿದನು: ಕವಲಿಗೆ ಬಂದಷ್ಟೇ ಪ್ರವಾಹವು ಹೊರಹೋಗುತ್ತದೆ, ಯಾವುದೇ ಸುತ್ತಿನಲ್ಲಿ ರೋಧಕಗಳ ವಿಭವಾಂತರಗಳ ಮೊತ್ತವು ಆ ಸುತ್ತಿನ ಬ್ಯಾಟರಿಯ ವೋಲ್ಟಿಗೆ ಸಮ.

12 ವೋಲ್ಟಿನ ಬ್ಯಾಟರಿಗೆ 2 ಓಮಿನ ರೋಧಕವನ್ನು ಸರಣಿಯಲ್ಲಿಯೂ, ಅದರ ಮುಂದೆ 6 ಮತ್ತು 3 ಓಮಿನವುಗಳನ್ನು ಪರಸ್ಪರ ಸಮಾಂತರವಾಗಿಯೂ ಜೋಡಿಸೋಣ. ಸಮಾಂತರ ಜೋಡಿಯು 2 ಓಮಿಗೆ ಸಮ. ಒಟ್ಟು ರೋಧ 4 ಓಮ್, ಪ್ರವಾಹ 3 ಆಂಪಿಯರ್. ಮೊದಲನೆಯ ರೋಧಕಕ್ಕೆ 6 ವೋಲ್ಟ್ ಸಂದಿತು. ಉಳಿದ 6 ವೋಲ್ಟು ಜೋಡಿಯ ಎರಡಕ್ಕೂ ಇಡಿಯಾಗಿ ದೊರೆಯುತ್ತದೆ. ಅದನ್ನು ಹಂಚಿಬಿಟ್ಟು ಅಂಕ ಕಳೆದುಕೊಂಡವರಲ್ಲಿ ನಾವೂ ಸೇರಿದ್ದೇವೆ!

ಅಪಘಾತದಿಂದ ಊರುಗೋಲು ಹಿಡಿಯಬೇಕಾಗಿ ಬಂದರೂ ಕಿರ್ಖಾಫನು ಬೋಧನೆಯನ್ನು ಬಿಡಲಿಲ್ಲ. 1887ರಲ್ಲಿ ಬರ್ಲಿನ್ನಿನಲ್ಲಿ ತೀರಿಕೊಂಡನು.