ಕರ್ನಾಟಕ ಗಾಂಧಿ ಹರ್ಡೇಕರ ಮಂಜಪ್ಪನವರು

ವೈಶಾಖ ಶುದ್ಧ ತೃತೀಯೆಯಂದು ದಾವಣಗೆರೆ, ಹರಿಹರಗಳಲ್ಲಿಯೂ ಕೊಂಡಜ್ಜಿಯೇ ಮೊದಲಾದ ಸುತ್ತಣ ಗ್ರಾಮಗಳಲ್ಲಿಯೂ ಬಸವಜಯಂತಿಯು ನಡೆಯುವುದನ್ನು ಕಂಡವರಿಗೆ ಈ ಉತ್ಸವವು ಶರಣರ ಕಾಲದಿಂದಲೂ ಹೀಗೆಯೇ ನಡೆದುಬಂದಿರಬೇಕೆಂದು ತೋರುವುದು ಸಹಜ. ಆದರೆ ಬಸವೇಶ್ವರರ ಜಯಂತಿಯನ್ನು ಸಾರ್ವಜನಿಕವಾಗಿ, ಉಪನ್ಯಾಸ ಚಿಂತನಗಳೊಡನೆ ಆಚರಿಸುವ ಪದ್ಧತಿಯು ಮೊದಲಾದುದು 1913ರಲ್ಲಿ; ಅದು ಮೊದಲಾದ ಸ್ಥಳ ದಾವಣಗೆರೆಯ ವಿರಕ್ತಮಠ. ಮುಂದೆ ಧಾರವಾಡದ ಮುರುಘಾಮಠದ ಪೀಠವನ್ನಲಂಕರಿಸಿದ ಪೂಜ್ಯ ಮೃತ್ಯುಂಜಯ ಅಪ್ಪಗಳ ಆಶ್ರಯದಲ್ಲಿ ಈ ಕಾರ್ಯಕ್ಕೆ ಕೈಯಿಕ್ಕಿದವರು ಆಗ ಇಪ್ಪತ್ತೇಳು ವರ್ಷ ವಯಸ್ಸಿನ ಒಬ್ಬ ಪತ್ರಿಕಾಕರ್ತರು. ಅವರೇ ಹರ್ಡೇಕರ ಮಂಜಪ್ಪನವರು.

ಮಂಜಪ್ಪನವರು ಜನಿಸಿದುದು 1886ನೆಯ ಫೆಬ್ರುವರಿ 18ರಂದು, ಕದಂಬರ ರಾಜಧಾನಿಯಾಗಿದ್ದ ಬನವಾಸಿಯಲ್ಲಿ. ಅಂದು ಆ ಊರು ಮುಂಬಯಿ ಆಧಿಪತ್ಯದ ಉತ್ತರ ಕನ್ನಡ ಜಿಲ್ಲೆಗೆ ಸೇರಿತ್ತು. ಮನೆಯಲ್ಲಿ ಬಡತನವಿದ್ದಿತು. ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಶಿರಸಿಯಲ್ಲಿ ಶಿಕ್ಷಕವೃತ್ತಿಯನ್ನು ಹಿಡಿದರು. ಅಂದಿನ ಬಡಕುಟುಂಬದ ತರುಣನಿಗೆ ಸರಕಾರಿ ಶಾಲೆಯ ಮಾಸ್ತರಿಕೆಯೆಂದರೆ ಜೀವಮಾನದ ಅನ್ನ. ಅದನ್ನು ಅವರು ಕೆಲವೇ ವರ್ಷಗಳಲ್ಲಿ ಬಿಟ್ಟುಕೊಟ್ಟರು. 1905ರಲ್ಲಿ ವಂಗದೇಶದ ವಿಭಜನೆಯಾಗಿ ಸ್ವದೇಶೀ ಚಳವಳಿಯು ದೇಶದಲ್ಲೆಲ್ಲ ಹಬ್ಬಿದಾಗ ಅದರ ಕಾವು ಸಹ್ಯಾದ್ರಿಯ ಕಾಡುಗಳ ನಡುವಣ ಆ ಶಾಲೆಯವರೆಗೂ ಮುಟ್ಟಿತ್ತು. ಪರರ ಸೇವೆಯಲ್ಲಿದ್ದುಕೊಂಡು ಸ್ವದೇಶವ್ರತವನ್ನು ಬೋಧಿಸುವುದು ಅವರ ಮನಸ್ಸಿಗೆ ಒಪ್ಪಿಗೆಯಾಗಲಿಲ್ಲ. ಆದುದರಿಂದ ಕೆಲಸಕ್ಕೆ ರಾಜೀನಾಮೆಯಿತ್ತು ಮೈಸೂರು ಸಂಸ್ಥಾನದ ದಾವಣಗೆರೆಗೆ ಬಂದು, ಅಣ್ಣನವರ ಜತೆಗೂಡಿ 1906ರಲ್ಲಿ ಧನುರ್ಧಾರಿಯೆಂಬ ವಾರಪತ್ರಿಕೆಯನ್ನು ಹೊರಡಿಸತೊಡಗಿದರು.

ಪತ್ರಿಕೆಯ ಹೆಸರೇ ಅದರ ಸ್ವಭಾವವನ್ನು ಸಾರುವಂತಿತ್ತು. ಪುಣೆಯಲ್ಲಿ ಲೋಕಮಾನ್ಯ ತಿಲಕರು ಕೇಸರಿಯಲ್ಲಿ ಬರೆಯುತ್ತಿದ್ದ ಲೇಖನಗಳ ಸಾರವು ಧನುರ್ಧಾರಿಯ ಮೂಲಕ ಕನ್ನಡಿಗರಿಗೆ ದೊರೆಯುತ್ತಿತ್ತು. ದಾವಣಗೆರೆಯು ಆಗ ಹತ್ತಿ, ಧಾನ್ಯಗಳ ದೊಡ್ಡ ಪೇಟೆ. ಸಮೀಪದ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿದರೆ ಆಚೆಯ ದಡ ಮುಂಬಯಿ ಆಧಿಪತ್ಯ. ವ್ಯಾಪಾರಿಯ ಮೂಟೆಯಂತೆಯೇ ವಿಚಾರವೂ ಆ ಹೊಳೆಯನ್ನು ದಾಟಿ ಇತ್ತಣಿಂದತ್ತ ಅತ್ತಣಿಂದಿತ್ತ ಸಾಗುತ್ತಿದ್ದ ಕಾಲವದು. ಎಲ್ಲೆಯ ಊರಿನಲ್ಲಿ ಪತ್ರಿಕೆ ನಡೆಸುವವನಿಗೆ ಎರಡೂ ಕಡೆಯ ಓದುಗರು ದೊರೆಯುತ್ತಾರೆ. ಎರಡೂ ಕಡೆಯ ಅಧಿಕಾರಿಗಳ ಕಣ್ಣೂ ಬೀಳುತ್ತದೆ.

1908ನೆಯ ಇಸವಿಯು ಪತ್ರಿಕೆಗಳ ಪಾಲಿಗೆ ಕಠಿನವಾಗಿ ಬಂದಿತು. ಆ ವರ್ಷದ ಜುಲೈ ತಿಂಗಳಲ್ಲಿ ತಿಲಕರಿಗೆ ರಾಜದ್ರೋಹದ ಆರೋಪದ ಮೇಲೆ ಆರು ವರ್ಷಗಳ ಶಿಕ್ಷೆಯಾಗಿ ಅವರನ್ನು ಬರ್ಮಾದೇಶದ ಮಂಡಾಲೆಗೆ ಸಾಗಿಸಿದರು. ಅದೇ ವರ್ಷ ಮೈಸೂರು ಸಂಸ್ಥಾನದಲ್ಲಿ ದಿವಾನ್ ವಿ. ಪಿ. ಮಾಧವರಾಯರ ಆಡಳಿತವು ವೃತ್ತಪತ್ರಿಕೆಗಳ ನಿಬಂಧನೆಯನ್ನು ಜಾರಿಗೆ ತಂದಿತು. ಅದರ ಮೇರೆಗೆ ಪತ್ರಿಕೆ ನಡೆಸಲು ಸರಕಾರದ ಅನುಮತಿ ಬೇಕಾಯಿತು. ಕೊಟ್ಟ ಅನುಮತಿಯನ್ನು ಹಿಂತೆಗೆದುಕೊಳ್ಳುವ ಅಧಿಕಾರವೂ ಸರಕಾರದ ಕೈಯಲ್ಲೇ ಉಳಿಯಿತು. ಇದನ್ನು ಪ್ರತಿಭಟಿಸಿ ಮೈಸೂರಿನಲ್ಲಿ ತಾತಯ್ಯನೆಂದು ಹೆಸರಾದ ಎಂ. ವೆಂಕಟಕೃಷ್ಣಯ್ಯನವರಂಥ ಹಿರಿಯರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ತಪ್ಪು ಮಾತನ್ನಾಡಿದವನಿಗೆ ಉತ್ತರ ಕೊಡುವುದು ಬೇರೆ, ಮಾತನಾಡುವ ಬಾಯನ್ನೇ ಮುಚ್ಚುವುದು ಬೇರೆ. ಸದುದ್ದೇಶವುಳ್ಳ ಆಡಳಿತಗಳೂ ಈ ಭೇದವನ್ನು ಮರೆಯುವುದುಂಟು.

ಇಂಥ ಬಿಕ್ಕಟ್ಟಿನ ಕಾಲದಲ್ಲಿಯೇ ಮಂಜಪ್ಪನವರ ದೃಷ್ಟಿಯು ಬಸವಾದಿ ಶರಣರ ಕಡೆಗೆ ತಿರುಗಿತು. ರಾಜಕೀಯಕ್ಕೆ ಹೆದರಿ ಧರ್ಮದ ಮರೆಹೊಕ್ಕರೆಂದು ಇದಕ್ಕೆ ಅರ್ಥ ಮಾಡಲಾಗದು. ಏಕೆಂದರೆ ಅವರು ಕೊನೆಯವರೆಗೂ ರಾಷ್ಟ್ರಸೇವೆಯನ್ನು ಬಿಟ್ಟವರಲ್ಲ. ಆಜನ್ಮ ಬ್ರಹ್ಮಚರ್ಯದ ವ್ರತವನ್ನು ಕೈಕೊಂಡು, ದೇಹ ಬುದ್ಧಿಗಳೆರಡನ್ನೂ ಸಮಾಜಕ್ಕೆ ಸಮರ್ಪಿಸಿದ ಆ ತರುಣರಿಗೆ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ತಾವು ಅರಸುತ್ತಿದ್ದುದೇ ಕಾಣಿಸಿತು: ಕಾಯಕ, ದಾಸೋಹ, ಜಾತಿಭೇದವಿಲ್ಲದ ಸಹಜೀವನ, ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಹಿರಿಯ ಕಿರಿಯ, ಸ್ತ್ರೀ ಪುರುಷ ಎಂಬ ಭೇದವಿಲ್ಲದೆ ಒಬ್ಬರ ಅನುಭಾವವನ್ನು ಇನ್ನೊಬ್ಬರು ಪ್ರಶ್ನಿಸಿ ನೋಡುವ ಅನುಭವಗೋಷ್ಠಿ. ಶೂನ್ಯಸಂಪಾದನೆಗಳನ್ನು ಓದಿದವರಿಗೆ ಇದು ಹೊಸ ಮಾತಲ್ಲ. ಅಲ್ಲಿ ಅಲ್ಲಮಪ್ರಭುದೇವರು ಸಿದ್ಧರಾಮಯ್ಯನನ್ನೂ ಪರೀಕ್ಷಿಸದೆ ಬಿಡಲಿಲ್ಲ. ಅಕ್ಕಮಹಾದೇವಿಯೂ ಕಠಿನವಾದ ಪ್ರಶ್ನೆಗಳಿಗೆ ಉತ್ತರವಿತ್ತೇ ಶರಣಗೋಷ್ಠಿಯನ್ನು ಸೇರಿದಳು. ಆ ಗ್ರಂಥದ ಉಸಿರೇ ಸಂವಾದ.

1913ರ ಜಯಂತಿಯ ವಿಶೇಷವನ್ನು ಇಲ್ಲಿಯೇ ಗ್ರಹಿಸಬೇಕು. ಮಠದ ಉತ್ಸವವೆಂದರೆ ಪೂಜೆ, ಪಲ್ಲಕ್ಕಿ, ಮಹಾಪ್ರಸಾದ. ಅದರಲ್ಲಿ ಭಕ್ತನು ನಮಿಸುತ್ತಾನೆ, ಸ್ವೀಕರಿಸುತ್ತಾನೆ, ಮನೆಗೆ ಮರಳುತ್ತಾನೆ. ಜಯಂತಿಯು ಅದಕ್ಕೆ ವಿಚಾರವನ್ನು ಸೇರಿಸಿತು. ಬಸವಣ್ಣನವರು ಯಾರು, ಏನು ಮಾಡಿದರು, ಅವರ ಮಾತು ಈ ಕಾಲಕ್ಕೆ ಸಲ್ಲುವುದು ಹೇಗೆ ಎಂಬುದು ಸಭೆಯಲ್ಲಿ ನಿಂತು ಹೇಳುವ, ಕೇಳುವ ವಿಷಯವಾಯಿತು. ತಿಲಕರು 1893ರಿಂದ ಗಣೇಶೋತ್ಸವಕ್ಕೆ ಸಾರ್ವಜನಿಕ ರೂಪವನ್ನು ಕೊಟ್ಟ ಮಾದರಿಯು ಅವರ ಕಣ್ಣೆದುರಿಗಿತ್ತು. ಆದರೆ ಅನ್ಯರ ಅನುಕರಣವೆಂದು ಇದನ್ನು ತಳ್ಳಿಹಾಕುವವರು, ಸಭೆ ಸೇರಿ ಚಿಂತಿಸುವುದು ಶರಣರ ಮನೆಯ ಸೊತ್ತೇ ಎಂಬುದನ್ನು ನೆನೆಯಬೇಕು.

ಅಂದಿನ ಪರಿಸ್ಥಿತಿಯನ್ನೂ ತಿಳಿಯುವುದು ಅವಶ್ಯ. ಆಗ ಬಸವಣ್ಣನವರ ವಿಷಯದಲ್ಲಿ ವಿದ್ವಾಂಸರೊಳಗೆ ದೊಡ್ಡ ವಾದವೇ ಎದ್ದಿತ್ತು. ಶಾಸನತಜ್ಞರಾದ ಫ್ಲೀಟ್ ಸಾಹೇಬರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಬ್ಬಲೂರಿನ ಶಾಸನವನ್ನು ಪ್ರಕಟಿಸಿ, ಅದರಲ್ಲಿ ಬಂದ ಏಕಾಂತದ ರಾಮಯ್ಯನಿಗೆ ಪ್ರಾಧಾನ್ಯವಿತ್ತು, ಸಮಕಾಲೀನ ಶಾಸನಗಳಲ್ಲಿ ಕಾಣಿಸದ ಬಸವಣ್ಣನವರ ಪಾತ್ರವನ್ನು ಸಂಶಯದಿಂದ ನೋಡಿದ್ದರು. ಪುರಾಣಗಳನ್ನೇ ಪ್ರಮಾಣವೆಂದು ನಂಬಿದ ಭಕ್ತರಿಗೆ ಇದು ನೋವಿನ ಮಾತು. ನೋವಿನಿಂದ ಕಿವಿ ಮುಚ್ಚಿಕೊಳ್ಳಬಹುದಾಗಿತ್ತು; ಆದರೆ ಸಂಶೋಧಕರು ಹುಡುಕಾಟವನ್ನು ಮುಂದುವರಿಸಿದರು. ಬೆಳಗಾವಿ ಜಿಲ್ಲೆಯ ಹುಕ್ಕೇರಿ ಸೀಮೆಯ ಅರ್ಜುನವಾಡದಲ್ಲಿ 1260ರ ಶಾಸನವು ದೊರೆತು, ಅದರಲ್ಲಿ ಮಾದಿರಾಜನ ಮಗನಾದ ಸಂಗನಬಸವನ ಹೆಸರು ಕಂಡಿತು. ವಿಜಾಪುರದಲ್ಲಿ ಫ. ಗು. ಹಳಕಟ್ಟಿಯವರು ತಾಳೆಯೋಲೆಗಳನ್ನು ಸಂಗ್ರಹಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನೂ, 1926ರಿಂದ ಶಿವಾನುಭವ ಪತ್ರಿಕೆಯನ್ನೂ ಬೆಳಕಿಗೆ ತಂದರು. ಆಕ್ಷೇಪವೆತ್ತಿದವನನ್ನು ನಿಂದಿಸಿದ್ದರೆ ಶಾಸನವೇನೂ ದೊರೆಯುತ್ತಿರಲಿಲ್ಲ. ಮಂಜಪ್ಪನವರು ಶಾಸನಪಂಡಿತರಲ್ಲ. ಪಂಡಿತರ ನಡುವೆ ನಡೆಯುತ್ತಿದ್ದ ವಿಚಾರವನ್ನು ಪೇಟೆಯ ವರ್ತಕನಿಗೂ ಹೊಲದ ಒಕ್ಕಲಿಗನಿಗೂ ತಿಳಿಯುವ ಕನ್ನಡದಲ್ಲಿ ಹೇಳುವುದು ಅವರ ಕಾಯಕವಾಯಿತು. ಬಸವಚರಿತ್ರೆಯೇ ಮೊದಲಾದ ಅವರ ಅನೇಕ ಗ್ರಂಥಗಳು ಸರಳವೂ ಅಲಂಕಾರರಹಿತವೂ ಆಗಿರುವುದಕ್ಕೆ ಇದೇ ಕಾರಣ. ಅವುಗಳಲ್ಲಿ ಕಾವ್ಯದ ಸೊಗಸನ್ನು ಅರಸಿದವರಿಗೆ ನಿರಾಶೆಯಾದೀತು.

ಅವರ ಜೀವನದಲ್ಲಿ ಹೆಚ್ಚು ವಿಚಾರಾರ್ಹವಾದ ಘಟ್ಟವೆಂದರೆ ತಿಲಕರ ಮಾರ್ಗದಿಂದ ಗಾಂಧೀಜಿಯವರ ಮಾರ್ಗಕ್ಕೆ ಅವರು ಬಂದುದು. ಹೆಸರಿನಲ್ಲಿಯೇ ಬಿಲ್ಲನ್ನು ಹಿಡಿದ ಪತ್ರಿಕೆಯ ಸಂಪಾದಕರು ಅಹಿಂಸೆಯ ಉಪಾಸಕರಾದರು. ಸಾರ್ವಜನಿಕ ಜೀವನದಲ್ಲಿ ಅಭಿಪ್ರಾಯವನ್ನು ಬದಲಿಸುವುದು ಸುಲಭವಲ್ಲ. ನಿನ್ನೆಯ ಬರೆವಣಿಗೆಯನ್ನು ಎತ್ತಿ ತೋರಿಸುವವರು ಎಲ್ಲ ಊರಿನಲ್ಲಿಯೂ ಇರುತ್ತಾರೆ. ಹಾಗಾಗಿ ಅನೇಕರು ಒಳಗೆ ಬದಲಾದರೂ ಹೊರಗೆ ಹಳೆಯ ಮಾತನ್ನೇ ಆಡುತ್ತಿರುತ್ತಾರೆ. ಮಂಜಪ್ಪನವರು ತಮ್ಮ ಬದಲಾವಣೆಯನ್ನು ಮುಚ್ಚಿಡಲಿಲ್ಲ. ಗಾಂಧೀಜಿಯವರ ಚರಿತ್ರೆಯನ್ನು ಕನ್ನಡದಲ್ಲಿ ಬರೆದರು, ಸತ್ಯಾಗ್ರಹದ ತತ್ತ್ವವನ್ನು ವಿವರಿಸಿದರು, ತಾವೇ ಖಾದಿಯನ್ನುಟ್ಟರು. ತಿಲಕರ ಮೇಲಣ ಗೌರವವನ್ನು ಕಳೆದುಕೊಳ್ಳದೆಯೇ ಅವರಿಂದ ಭಿನ್ನವಾದ ದಾರಿಯನ್ನು ಹಿಡಿದರು.

1920ರ ದಶಕದ ಆರಂಭದ ವರ್ಷಗಳಲ್ಲಿ ಹರಿಹರದ ಬಳಿ ತುಂಗಭದ್ರಾತೀರದಲ್ಲಿ ಅವರು ಸತ್ಯಾಗ್ರಹಾಶ್ರಮವನ್ನು ಸ್ಥಾಪಿಸಿದರು. ಹರಿ ಹರ ಎಂಬ ಎರಡು ಹೆಸರುಗಳನ್ನು ಒಂದೇ ವಿಗ್ರಹದಲ್ಲಿ ಕೂಡಿಸಿದ ದೇಗುಲವಿರುವ ಆ ಕ್ಷೇತ್ರವು ಇಂಥ ಕಾರ್ಯಕ್ಕೆ ತಕ್ಕುದೇ ಸರಿ. ಆಶ್ರಮದ ಜೀವನ ಸರಳ: ನೂಲುವುದು, ಪ್ರಾರ್ಥನೆ, ಅಧ್ಯಯನ. ಖಾದಿಯ ಪ್ರಚಾರಕ್ಕಾಗಿ ಖಾದಿ ವಿಜಯವೆಂಬ ಪತ್ರಿಕೆಯನ್ನೂ ನಡೆಸಿದರು. ಗಾಂಧೀಜಿಯವರ ಚರಕ ಬೇರೆ, ಶರಣರ ಕಾಯಕ ಬೇರೆ ಎಂದು ಅವರಿಗೆ ತೋರಲಿಲ್ಲ. ಈ ಎರಡನ್ನು ಇಷ್ಟು ಹತ್ತಿರಕ್ಕೆ ತಂದುದು ಎಲ್ಲರಿಗೂ ಒಪ್ಪಿಗೆಯಾಗಬೇಕೆಂದಿಲ್ಲ. ಕಾಯಕಕ್ಕೆ ಲಿಂಗಾಂಗಸಾಮರಸ್ಯದ ಹಿನ್ನೆಲೆಯಿದೆ. ಚರಕಕ್ಕೆ ದೇಶದ ಆರ್ಥಿಕ ದಾಸ್ಯದ ಹಿನ್ನೆಲೆಯಿದೆ. ಇದು ಈಗಲೂ ಚರ್ಚಿಸತಕ್ಕ ವಿಷಯ. ಆ ಚರ್ಚೆಗೆ ಎಡೆಮಾಡಿಕೊಟ್ಟ ಕೀರ್ತಿಯಂತೂ ಅವರದು.

1927ರಲ್ಲಿ ಅವರು ಕೃಷ್ಣಾತೀರದ ಆಲಮಟ್ಟಿಯನ್ನು ತಮ್ಮ ಕಾರ್ಯಕ್ಷೇತ್ರವಾಗಿ ಆರಿಸಿಕೊಂಡರು. ಇಂದು ಆಲಮಟ್ಟಿಯೆಂದರೆ ಅಣೆಕಟ್ಟಿನ ನೆನಪಾಗುತ್ತದೆ. ಆ ಅಣೆಕಟ್ಟಿಗೆ ಶಂಕುಸ್ಥಾಪನೆಯಾದುದು 1964ರಲ್ಲಿ. ಮಂಜಪ್ಪನವರು ಹೋದಾಗ ಅದೊಂದು ಸಣ್ಣ ಊರು. ಆದರೆ ಬಸವಣ್ಣನವರು ಹುಟ್ಟಿದ ಬಾಗೇವಾಡಿಯೂ ಐಕ್ಯರಾದ ಕೂಡಲಸಂಗಮವೂ ಅಲ್ಲಿಗೆ ಬಹಳ ದೂರವಲ್ಲ. ಅಲ್ಲಿ ವಿದ್ಯಾಲಯವನ್ನು ತೆರೆದು ಅಕ್ಷರದೊಡನೆ ಕೈಕೆಲಸವನ್ನೂ ಶೀಲವನ್ನೂ ಕಲಿಸಿದರು. ಶರಣ ಸಂದೇಶವೆಂಬ ಪತ್ರಿಕೆಯ ಮೂಲಕ ಬಸವತತ್ತ್ವದ ಪ್ರಸಾರವನ್ನು ಮುಂದುವರಿಸಿದರು. ತಮ್ಮ ಮೂವತ್ತು ವರ್ಷಗಳ ಸೇವೆಯ ವೃತ್ತಾಂತವನ್ನೂ ತಾವೇ ಬರೆದಿಟ್ಟರು. ಸಾರ್ವಜನಿಕ ಕಾರ್ಯಕರ್ತನು ತನ್ನ ಲೆಕ್ಕವನ್ನು ಸಾರ್ವಜನಿಕರಿಗೆ ಒಪ್ಪಿಸಬೇಕಾದವನೆಂಬ ಭಾವನೆಯು ಅದರ ಹಿಂದೆ ಇದ್ದಂತೆ ತೋರುತ್ತದೆ.

ಜನರು ಅವರನ್ನು ಕರ್ನಾಟಕ ಗಾಂಧಿ ಎಂದು ಕರೆದರು. ಮಠಾಧಿಪತಿಯಲ್ಲದ, ಆಸ್ತಿಪಾಸ್ತಿಯಿಲ್ಲದ, ಸಂಸಾರವನ್ನೂ ಕಟ್ಟಿಕೊಳ್ಳದ ಒಬ್ಬ ಶಿಕ್ಷಕರಿಗೆ ಈ ಹೆಸರು ಬಂದಿತು. ಅವರ ಬಳಿಯಿದ್ದ ಸಾಧನಗಳು ಒಂದು ಅಚ್ಚುಕೂಟ, ಒಂದು ವೇದಿಕೆ, ಒಂದು ಶಾಲೆ. ಆಜ್ಞೆ ಮಾಡುವ ಅಧಿಕಾರವು ಅವರಿಗೆ ಎಂದೂ ಇರಲಿಲ್ಲವಾದುದರಿಂದ ಒಪ್ಪಿಸಿಯೇ ನಡೆಸಬೇಕಾಗಿದ್ದಿತು.

ಮಂಜಪ್ಪನವರು 1947ನೆಯ ಜನವರಿ 3ರಂದು ಲಿಂಗೈಕ್ಯರಾದರು. ಅರುವತ್ತೊಂದನೆಯ ವರ್ಷವು ತುಂಬಲು ಒಂದೂವರೆ ತಿಂಗಳು ಉಳಿದಿತ್ತು. ನಾಲ್ವತ್ತು ವರ್ಷಗಳ ಹಿಂದೆ ಮಾಸ್ತರಿಕೆಯನ್ನು ಬಿಟ್ಟು ಅವರು ಯಾವುದನ್ನು ಬಯಸಿ ದಾವಣಗೆರೆಗೆ ಬಂದಿದ್ದರೋ ಆ ಸ್ವಾತಂತ್ರ್ಯಕ್ಕೆ ಇನ್ನು ಏಳು ತಿಂಗಳು.