ಜಾವಾ ಬೈಕಿನ ಯಾನೆಚೆಕ್: ಮೊದಲ ಕಿಕ್ಕಿಗೆ ಸ್ಟಾರ್ಟ್ ಆಗದ ಬದುಕು

ಹಾಲಾಡಿ: ಆಸಾಡಿ ಮಳೆ ಹಿಡಿದುಕೊಂಡಿತು ಅಂದರೆ ಹಳೆ ಬೈಕು ಇಟ್ಟುಕೊಂಡವರ ಬೆಳಗ್ಗೆ ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಿ ಕೊಡಬೇಕಾಗಿಲ್ಲ. ಅಂಗಡಿ ಬಾಗಿಲು ತೆಗೆಯುವ ಹೊತ್ತು ಆಗಿರುತ್ತದೆ, ಡೈರಿಗೆ ಹಾಲು ಹಾಕಿ ಬರಬೇಕಾಗಿರುತ್ತದೆ, ಗಾಡಿ ಮಾತ್ರ ಜಪ್ಪಯ್ಯ ಅನ್ನುವುದಿಲ್ಲ. ಹತ್ತು ಕಿಕ್, ಹದಿನೈದು ಕಿಕ್. ಮಳೆಯಲ್ಲೂ ಬೆವರು. ಕೊನೆಗೆ ಸ್ಟಾರ್ಟೇ ಆತಿಲ್ಲೆ ಮಾರಾಯ್ರೆ ಅಂತ ಸ್ಟ್ಯಾಂಡ್ ಹಾಕಿ ಬಸ್ಸಿಗೆ ಹೋಗುವುದು. ಆಮೇಲೆ ಆ ಗಾಡಿ ಹಟ್ಟಿ ಬದಿ ಸೇರುತ್ತದೆ, ಒಂದೆರಡು ಮಳೆಗಾಲ ಕಳೆದ ಮೇಲೆ ಗುಜರಿಯವನ ತಕ್ಕಡಿ ಏರುತ್ತದೆ.

ಹೀಗೆ ಹೋದ ಗಾಡಿಗಳಲ್ಲಿ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿಗಳೇ ಬಹಳ. ನಿಮ್ಮ ಮನೆಯಲ್ಲೂ ಅಜ್ಜನ ಕಾಲದ್ದೋ ಅಪ್ಪನ ಕಾಲದ್ದೋ ಒಂದು ಇದ್ದರೆ, ಮಾರುವ ಮೊದಲು ಆ ಬೈಕಿಗೆ ಹೆಸರು ಕೊಟ್ಟ ಮನುಷ್ಯನ ಕಥೆ ಒಮ್ಮೆ ಓದಿ. ಅವನ ಬದುಕು ಕೂಡ ಮೊದಲ ಕಿಕ್ಕಿಗೆ ಸ್ಟಾರ್ಟ್ ಆದದ್ದಲ್ಲ.

ಹೆಸರು ಫ್ರಾಂಟಿಶೆಕ್ ಯಾನೆಚೆಕ್. ಹುಟ್ಟಿದ್ದು 1878ರ ಜನವರಿ 23ರಂದು, ಬೊಹೀಮಿಯಾದ ಕ್ಲಾಷ್ಟರ್ ನಾಡ್ ಡೆಡಿನೌ ಎಂಬ ಸಣ್ಣ ಹಳ್ಳಿಯಲ್ಲಿ. ಈಗ ಅದು ಜೆಕ್ ದೇಶ. ಆಗ ಆಸ್ಟ್ರಿಯಾ-ಹಂಗೇರಿ ಚಕ್ರವರ್ತಿಯ ಆಡಳಿತ. ಹಳ್ಳಿಯ ಹುಡುಗ ಪ್ರಾಗ್ ಪೇಟೆಗೆ, ಅಲ್ಲಿಂದ ಬರ್ಲಿನ್‌ಗೆ ಹೋಗಿ ಯಂತ್ರವಿದ್ಯೆ ಕಲಿತ. ಕಾರ್ಖಾನೆ ಕೆಲಸಕ್ಕೆ ಸೇರಿ ಹಾಲೆಂಡಿನಲ್ಲೂ ಇದ್ದು ಬಂದ. ದೊಡ್ಡ ಸಂಬಳದ ಕೆಲಸದಲ್ಲೇ ಕೂತುಕೊಳ್ಳಬಹುದಿತ್ತು, ಆದರೆ ಸ್ವಂತ ಏನಾದರೂ ಮಾಡಬೇಕು ಅನ್ನುವ ಹಠ. 1909ರಲ್ಲಿ ಮ್ನಿಖೊವೊ ಹ್ರಾಡಿಷ್ಟೆ ಎಂಬಲ್ಲಿ ಸ್ವಂತ ವರ್ಕ್‌ಶಾಪ್ ಹಾಕಿದರು.

ಅಷ್ಟರಲ್ಲಿ 1914ರ ಮಹಾಯುದ್ಧ ಬಂತು. ಯಾನೆಚೆಕ್ ಅವರ ತಲೆ ಓಡಿದ್ದು ಆಯುಧದ ಕಡೆ. ಕೈಯಿಂದ ಎಸೆಯುವ ಗ್ರೆನೇಡಿನಲ್ಲಿ ಅವರು ಮಾಡಿದ ಸುಧಾರಣೆಗೆ ಹಣವೂ ಬಂತು, ಹೆಸರೂ ಬಂತು. ಜೀವಮಾನದಲ್ಲಿ ಅವರು ಪಡೆದ ಪೇಟೆಂಟ್‌ಗಳು 60ರಷ್ಟು. ಯುದ್ಧ ಮುಗಿದು ಜೆಕೊಸ್ಲೊವಾಕಿಯಾ ಎಂಬ ಹೊಸ ದೇಶ ಹುಟ್ಟಿದ ಮೇಲೆ ಪ್ರಾಗ್‌ನಲ್ಲಿ ಆಯುಧ ಕಾರ್ಖಾನೆ ನಡೆಸಿದರು. ಇದನ್ನು ಮುಚ್ಚಿಡಬೇಕಾಗಿಲ್ಲ. ನಾವು ಪ್ರೀತಿಯಿಂದ ಒರೆಸಿ ಇಡುವ ಜಾವಾ ಬೈಕಿನ ಬೇರು ಇರುವುದು ಗ್ರೆನೇಡಿನ ಕಾರ್ಖಾನೆಯಲ್ಲಿ.

ಆದರೆ ಶಾಂತಿ ಕಾಲದಲ್ಲಿ ಗ್ರೆನೇಡು ಯಾರಿಗೆ ಬೇಕು? 1920ರ ದಶಕದ ಕೊನೆಗೆ ಆರ್ಡರ್ ಕಡಿಮೆಯಾಯಿತು. ಕಟ್ಟಡ ಇದೆ, ಲೇತ್ ಇದೆ, ಕೈಚಳಕದ ಕೆಲಸಗಾರರಿದ್ದಾರೆ, ಕೆಲಸ ಇಲ್ಲ. ಸೀಸನ್ ಹೋದ ಮೇಲೂ ಬಾಡಿಗೆ, ಸಂಬಳ ಕೊಡಬೇಕಾದ ಅಂಗಡಿಯವರಿಗೆ ಆ ಸಂಕಟ ಗೊತ್ತಾಗುತ್ತದೆ. ಏನು ಮಾಡಿದರೆ ಊರಿನ ಜನ ಕೊಂಡಾರು ಅಂತ ಹುಡುಕಿದ ಯಾನೆಚೆಕ್, ಮೋಟಾರ್‌ಸೈಕಲ್ ಮಾಡುವುದು ಅಂತ ತೀರ್ಮಾನಿಸಿದರು.

1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ 500 ಸಿಸಿ ಬೈಕಿನ ಲೈಸೆನ್ಸ್ ತಂದರು. ಯಾನೆಚೆಕ್ ಹೆಸರಿನ ಮೊದಲ ಎರಡು ಇಂಗ್ಲಿಷ್ ಅಕ್ಷರ, ವಾಂಡರರ್‌ನ ಮೊದಲ ಎರಡು ಅಕ್ಷರ ಸೇರಿಸಿ ಹೆಸರು ಇಟ್ಟರು. ಅವರ ಭಾಷೆಯಲ್ಲಿ ಅದು ಯಾವಾ. ನಮ್ಮ ಬಾಯಲ್ಲಿ ಜಾವಾ.

ಗಾಡಿ ನೋಡಲು ಭರ್ಜರಿ. ತಗಡು ಒತ್ತಿ ಮಾಡಿದ ಫ್ರೇಮ್, ಚೈನಿನ ಬದಲು ಶಾಫ್ಟ್. ಆದರೆ ಬೆಲೆ ಸಾಮಾನ್ಯರ ಕೈಗೆ ಎಟುಕುವಂಥದ್ದಲ್ಲ, ರಿಪೇರಿಯ ತಲೆಬಿಸಿಯೂ ಇತ್ತು. ಅದೇ ಹೊತ್ತಿಗೆ ಜಗತ್ತಿನ ವ್ಯಾಪಾರವೆಲ್ಲ ಕುಸಿದು ಬಿತ್ತು. ಮಾರಾಟವಾದದ್ದು ಒಂದು ಸಾವಿರದ ಆಸುಪಾಸು. ಹೊಸ ವ್ಯಾಪಾರಕ್ಕೆ ಕೈ ಹಾಕಿದವರಿಗೆ ಇದು ಎಂಥ ಪೆಟ್ಟು ಅಂತ ಯೋಚಿಸಿ. ಯಾನೆಚೆಕ್ ಅವರಿಗೆ ಆಗ 50 ದಾಟಿತ್ತು. ಮುಚ್ಚಿ ಹೋಗಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ.

ಅವರು ಮುಚ್ಚಲಿಲ್ಲ. ಜಾರ್ಜ್ ವಿಲಿಯಂ ಪ್ಯಾಚೆಟ್ ಎಂಬ ಇಂಗ್ಲಿಷ್ ಬೈಕ್ ತಜ್ಞರನ್ನು ಕರೆಸಿಕೊಂಡರು. ದೊಡ್ಡ ಗಾಡಿಯ ಆಸೆ ಬದಿಗಿಟ್ಟು, ಇಂಗ್ಲೆಂಡಿನ ವಿಲಿಯರ್ಸ್ ಕಂಪನಿಯ 175 ಸಿಸಿ ಟೂ-ಸ್ಟ್ರೋಕ್ ಇಂಜಿನ್ ಹಾಕಿ 1932ರಲ್ಲಿ ಒಂದು ಸಣ್ಣ ಬೈಕು ಬಿಟ್ಟರು. ತೂಕ 70 ಕೆ.ಜಿ.ಯಷ್ಟು, ವೇಗ ಗಂಟೆಗೆ 80 ಕಿ.ಮೀ. ಹತ್ತಿರ, ಬೆಲೆ ಕೆಲಸಗಾರನೂ ಯೋಚಿಸಿ ಕೊಳ್ಳಬಹುದಾದಷ್ಟು. ಆ ಮಾದರಿ ಮುಂದಿನ ವರ್ಷಗಳಲ್ಲಿ 27 ಸಾವಿರಕ್ಕೂ ಹೆಚ್ಚು ಹೋಯಿತು. ಕಾರ್ಖಾನೆ ಉಳಿಯಿತು, ಕೆಲಸಗಾರರ ಅನ್ನವೂ ಉಳಿಯಿತು.

ಟೂ-ಸ್ಟ್ರೋಕ್ ಇಂಜಿನ್ ಅವರ ಕೈ ಹಿಡಿದದ್ದು ಯಾಕೆ ಅಂತ ಗೊತ್ತಾದರೆ ನಿಮ್ಮ ಗಾಡಿ ಯಾಕೆ ಸ್ಟಾರ್ಟ್ ಆಗುವುದಿಲ್ಲ ಅಂತಲೂ ಗೊತ್ತಾಗುತ್ತದೆ. ಈ ಇಂಜಿನ್ನಿನಲ್ಲಿ ವಾಲ್ವ್ ಇಲ್ಲ, ಅದನ್ನು ಎತ್ತುವ ಕ್ಯಾಮ್ ಇಲ್ಲ. ಮುಖ್ಯವಾಗಿ ಅಲ್ಲಾಡುವುದು ಮೂರೇ: ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್. ಪಿಸ್ಟನ್ ಮೇಲೆ ಹೋಗುವಾಗ ಅದರ ಅಡಿಯ ಕ್ರ್ಯಾಂಕ್ ಕೋಣೆ ಕಾರ್ಬೊರೇಟರಿನಿಂದ ಪೆಟ್ರೋಲ್ ಬೆರೆತ ಗಾಳಿಯನ್ನು ಎಳೆಯುತ್ತದೆ. ಕೆಳಗೆ ಬರುವಾಗ ಅದನ್ನೇ ಒತ್ತಿ ಮೇಲಕ್ಕೆ ಕಳಿಸುತ್ತದೆ. ಅಂದರೆ ಇಂಜಿನ್ನಿನ ಅಡಿಭಾಗವೇ ಒಂದು ಪಂಪು. ಮಾಡುವ ಖರ್ಚು ಕಡಿಮೆ, ಹಳ್ಳಿ ಮೆಕ್ಯಾನಿಕ್ಕಿಗೂ ಬಿಚ್ಚಿ ಜೋಡಿಸಲು ಸುಲಭ. ಆದರೆ ಪಂಪಿನಲ್ಲಿ ಎಲ್ಲಾದರೂ ಗಾಳಿ ಸೋರಿದರೆ ಎಷ್ಟು ಕಿಕ್ ಹೊಡೆದರೂ ಪ್ರಯೋಜನ ಇಲ್ಲ.

1937ರಲ್ಲಿ 100 ಸಿಸಿ ದರ್ಜೆಯ ರೋಬೋಟ್ ಎಂಬ ಇನ್ನೂ ಸಣ್ಣ ಗಾಡಿ ಬಂತು. ಮಿನೋರ್ ಎಂಬ ಟೂ-ಸ್ಟ್ರೋಕ್ ಕಾರು ಕೂಡ ಅದೇ ವರ್ಷ. ದೊಡ್ಡದರಲ್ಲಿ ಸೋತವರು ಸಣ್ಣದರಲ್ಲಿ ಗೆದ್ದರು.

ಆ ಗೆಲುವನ್ನು ನೆಮ್ಮದಿಯಿಂದ ಅನುಭವಿಸುವ ಯೋಗ ಮಾತ್ರ ಇರಲಿಲ್ಲ. 1939ರ ಮಾರ್ಚಿನಲ್ಲಿ ಹಿಟ್ಲರನ ಸೈನ್ಯ ಪ್ರಾಗ್‌ಗೆ ನುಗ್ಗಿತು. ಕಾರ್ಖಾನೆ ಜರ್ಮನ್ ಸೈನ್ಯದ ಕೆಲಸ ಮಾಡಬೇಕಾಯಿತು. ದೇಶ ಪರರ ಕೈಯಲ್ಲಿರುವಾಗಲೇ, 1941ರ ಜೂನ್ 4ರಂದು, 63ನೇ ವಯಸ್ಸಿನಲ್ಲಿ ಯಾನೆಚೆಕ್ ತೀರಿಕೊಂಡರು. ತಾನು ಕಟ್ಟಿದ ಕಾರ್ಖಾನೆಯಿಂದ ಮತ್ತೆ ಬೈಕು ಹೊರಗೆ ಬರುವುದನ್ನು ಅವರು ನೋಡಲಿಲ್ಲ.

ಆದರೆ ಅವರ ಇಂಜಿನಿಯರ್‌ಗಳು ಸುಮ್ಮನೆ ಕೂತಿರಲಿಲ್ಲ. ಜರ್ಮನರ ಕಣ್ಣು ತಪ್ಪಿಸಿ ಹೊಸದೊಂದು 250 ಸಿಸಿ ಬೈಕಿನ ಕೆಲಸ ನಡೆಸಿದರು. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಅದನ್ನು ಪ್ಯಾರಿಸ್ ಪ್ರದರ್ಶನದಲ್ಲಿ ಇಟ್ಟಾಗ ಚಿನ್ನದ ಪದಕ ಬಂತು. ಜನ ಅದನ್ನು ಪೆರಾಕ್ ಅಂತ ಕರೆದರು. ಯುದ್ಧಕಾಲದ ಪ್ರಾಗ್‌ನಲ್ಲಿ ಕಾಲಿಗೆ ಸ್ಪ್ರಿಂಗ್ ಕಟ್ಟಿಕೊಂಡು ಗೋಡೆ ಹಾರುವವನ ಒಂದು ದಂತಕಥೆ ಇತ್ತು. ಬೈಕಿನ ಹಿಂದಿನ ಚಕ್ರಕ್ಕೂ ಸ್ಪ್ರಿಂಗ್ ಇದ್ದದ್ದರಿಂದ ಆ ಹೆಸರೇ ಅಂಟಿತು. ಅಷ್ಟರಲ್ಲಿ ಕಾರ್ಖಾನೆ ಸರಕಾರದ್ದಾಗಿತ್ತು. ಯಾನೆಚೆಕ್ ಕುಟುಂಬಕ್ಕೆ ಉಳಿದದ್ದು ಪೆಟ್ರೋಲ್ ಟ್ಯಾಂಕಿನ ಮೇಲಿನ ಎರಡು ಅಕ್ಷರ ಮಾತ್ರ.

ಆ ಎರಡು ಅಕ್ಷರ ನಮ್ಮ ರಾಜ್ಯಕ್ಕೆ ಬಂದದ್ದು ಅವರು ತೀರಿ 20 ವರ್ಷದ ಮೇಲೆ. ರುಸ್ತುಂ ಇರಾನಿ, ಫಾರೂಖ್ ಇರಾನಿ ಎಂಬ ಪಾರ್ಸಿ ಉದ್ಯಮಿಗಳು 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಸ್ಥಾಪಿಸಿದರು. 1961ರಲ್ಲಿ ಯಾದವಗಿರಿಯ ಕಾರ್ಖಾನೆಯಿಂದ 250 ಸಿಸಿ ಜಾವಾ ಹೊರಬರಲು ಸುರುವಾಯಿತು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಅವರ ಬೆಂಬಲ ಆ ಉದ್ಯಮಕ್ಕಿತ್ತು. 1970ರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಆ ಕಾರ್ಖಾನೆಯೂ ಬಾಗಿಲು ಹಾಕಿತು. ಘಾಟಿ ಹತ್ತಿ ಇಳಿದ, ಗದ್ದೆ ಬದಿಯ ಮಣ್ಣು ರಸ್ತೆಯಲ್ಲಿ ಅಕ್ಕಿ ಮುಡಿ ಹೊತ್ತ ಗಾಡಿಗಳು ಮಾತ್ರ ಮನೆ ಮನೆಗಳಲ್ಲಿ ಉಳಿದವು.

ಈಗ ನಮ್ಮ ಹಟ್ಟಿ ಬದಿಯ ಗಾಡಿಗೆ ಬರೋಣ. ಹಳೆ ಜಾವಾದಲ್ಲಿ ಗೇರ್ ಲಿವರೂ ಕಿಕ್ಕರೂ ಒಂದೇ, ಅದೂ ಎಡಗಡೆ. ಲಿವರನ್ನು ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್. ಬಲಗಾಲಿನ ಅಭ್ಯಾಸದವರು ಮೊದಲು ಅಲ್ಲೇ ಸೋಲುತ್ತಾರೆ. ಆದರೆ ಸ್ಟಾರ್ಟ್ ಆಗಲು ಬೇಕಾದ್ದು ಕಾಲಿನ ಶಕ್ತಿಗಿಂತ ಹೆಚ್ಚಾಗಿ ಕ್ರಮ.

ಮೊದಲು ಪೆಟ್ರೋಲ್. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿದ್ದದ್ದನ್ನು ಚೆಲ್ಲಿಬಿಡಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ನಮ್ಮ ಮಳೆಗಾಲದ ತೇವ ಎಳೆದುಕೊಳ್ಳುತ್ತದೆ. ಹೊಸ ಪೆಟ್ರೋಲಿಗೆ ಟೂ-ಸ್ಟ್ರೋಕ್ ಆಯಿಲ್ ಅಳತೆ ಮಾಡಿ ಹಾಕಿ. ಹಳೆ ಜಾವಾಕ್ಕೆ 20ರಿಂದ 25 ಪಾಲಿಗೆ ಒಂದು ಪಾಲು, ಅಂದರೆ ಲೀಟರಿಗೆ 40ರಿಂದ 50 ಮಿ.ಲೀ. ಕಣ್ಣಂದಾಜಿಗೆ ಜಾಸ್ತಿ ಸುರಿದರೆ ಪ್ಲಗ್ ಮಸಿ ಹಿಡಿಯುತ್ತದೆ, ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಎರಡನೆಯದು ಕಿಡಿ. ಹಳೆ ಜಾವಾ, ಯೆಜ್ಡಿಗಳದ್ದು 6 ವೋಲ್ಟಿನ ಬ್ಯಾಟರಿ. ಬ್ಯಾಟರಿ ಇಳಿದಿದ್ದರೆ ಕಿಡಿಯೂ ಸೋತಿರುತ್ತದೆ. ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಇಂಜಿನ್ನಿನ ಲೋಹಕ್ಕೆ ತಾಗಿಸಿ ಕಿಕ್ ಹೊಡೆದು ನೋಡಿ. ಪ್ಲಗ್ಗಿನ ತೂತಿನಿಂದ ದೂರ ಹಿಡಿಯಿರಿ, ಹತ್ತಿರ ಪೆಟ್ರೋಲ್ ಚೆಲ್ಲಿರಬಾರದು. ನೀಲಿ ಕಿಡಿ ಚಟಚಟ ಹಾರಿದರೆ ಸರಿ. ಕೆಂಪಗೆ ಮಂಕಾಗಿದ್ದರೆ ಬ್ಯಾಟರಿ ನೋಡಿ, ಪಾಯಿಂಟ್ ನೋಡಿ. ತೇವ ಕೂತ ಪಾಯಿಂಟನ್ನು ನಯ ಪಾಲಿಶ್ ಪೇಪರಿನಲ್ಲಿ ಉಜ್ಜಿ, ಒಣ ಬಟ್ಟೆಯಿಂದ ಒರೆಸಿ. ಪಾಯಿಂಟಿನ ಗ್ಯಾಪ್ 0.4 ಮಿ.ಮೀ., ಪ್ಲಗ್ಗಿನದ್ದು 0.6 ಮಿ.ಮೀ. ಇರಲಿ.

ಮೂರನೆಯದು ಕಿಕ್. ಪೆಟ್ರೋಲ್ ಆನ್ ಮಾಡಿ, ಗಾಡಿ ತಣ್ಣಗಿದ್ದರೆ ಕಾರ್ಬೊರೇಟರಿನ ಸಣ್ಣ ಗುಂಡಿಯನ್ನು ಪೆಟ್ರೋಲ್ ಜಿನುಗುವ ತನಕ ಮಾತ್ರ ಒತ್ತಿ. ಕೀ ಹಾಕದೆ ಎರಡು ಸಲ ನಿಧಾನಕ್ಕೆ ಕಿಕ್ ಮಾಡಿ, ಅಡಿಯ ಪಂಪು ತುಂಬಿಕೊಳ್ಳಲಿ. ಆಮೇಲೆ ಕೀ ಆನ್ ಮಾಡಿ, ಕಾಲಿಗೆ ಬಿಗಿ ಸಿಗುವ ಜಾಗದಿಂದ ಒಂದೇ ದಮ್ಮಿಗೆ ಪೂರ್ತಿ ಒತ್ತಿ. ಓವರ್‌ಫ್ಲೋ ಆದರೆ ಮತ್ತೆ ಮತ್ತೆ ಹೊಡೆಯುವುದು ಬೇಡ. ಪೆಟ್ರೋಲ್ ಬಂದ್ ಮಾಡಿ, ಕೀ ತೆಗೆದು, ಪ್ಲಗ್ ಬಿಚ್ಚಿ ಒಣಗಿಸಿ, ಎಕ್ಸಲೇಟರ್ ಪೂರ್ತಿ ತಿರುಗಿಸಿ ನಾಲ್ಕೈದು ಸಲ ಖಾಲಿ ಕಿಕ್ ಹೊಡೆದು ಮತ್ತೆ ಮೊದಲಿಂದ ಸುರು ಮಾಡಿ. ರಾತ್ರಿ ಗಾಡಿ ನಿಲ್ಲಿಸುವಾಗ ಪೆಟ್ರೋಲ್ ಬಂದ್ ಮಾಡುವುದು ಮರೆಯಬೇಡಿ. ಮರೆತರೆ ಪೆಟ್ರೋಲ್ ಸೋರಿ ಕ್ರ್ಯಾಂಕ್ ಕೋಣೆಯಲ್ಲಿ ನಿಂತಿರುತ್ತದೆ, ಬೆಳಗ್ಗಿನ ಗೋಳಿಗೆ ಬಹಳ ಸಲ ಅದೇ ಕಾರಣ.

ಇಷ್ಟು ಮಾಡಿದರೂ ಆಗಲಿಲ್ಲವೋ, ಕಿಡಿ ಚೆನ್ನಾಗಿದ್ದೂ ಪ್ಲಗ್ ಒಣಗಿಯೇ ಇದೆಯೋ, ಆಗ ಕ್ರ್ಯಾಂಕಿನ ಆಯಿಲ್ ಸೀಲ್ ಮೇಲೆ ಸಂಶಯ ಪಡಿ. ನಿಂತೇ ಇದ್ದ ಗಾಡಿಯ ಸೀಲ್ ಗಟ್ಟಿಯಾಗಿ ಬಿರಿಯುತ್ತದೆ, ಪಂಪಿಗೆ ಗಾಳಿ ನುಗ್ಗುತ್ತದೆ. ಸೈಲೆನ್ಸರ್ ಬಾಯಲ್ಲಿ ಮಸಿ ಕಟ್ಟಿದ್ದರೂ ಇಂಜಿನ್ ಉಸಿರುಗಟ್ಟುತ್ತದೆ. ಸೀಲಿನ ಕೆಲಸ ಗೊತ್ತಿರುವ ಹಳೆ ಮೆಕ್ಯಾನಿಕ್ಕುಗಳು ಈಗ ವಯಸ್ಸಾಗಿ ಗ್ಯಾರೇಜ್ ಬಿಡುತ್ತಿದ್ದಾರೆ. ಗಾಡಿ ತೂಕಕ್ಕೆ ಹೋದರೆ ಇನ್ನೊಂದು ಸಿಗಬಹುದು. ಅವರ ಕೈಯಲ್ಲಿರುವ ವಿದ್ಯೆ ಹೋದರೆ ಸಿಗುವುದಿಲ್ಲ. ಅವರು ಇರುವಾಗಲೇ ಮನೆಯ ಹುಡುಗರನ್ನು ಜೊತೆಗೆ ಕೂರಿಸಿ ಒಂದು ಇಂಜಿನ್ ಬಿಚ್ಚಿಸಿ ನೋಡಿ.

ಸಾವಿರ ಗಾಡಿಗೆ ನಿಂತುಹೋಗಿದ್ದ ವ್ಯಾಪಾರವನ್ನು ಯಾನೆಚೆಕ್ ಮೂರೇ ವರ್ಷದಲ್ಲಿ ಮತ್ತೆ ಎಬ್ಬಿಸಿದ್ದು ಕೆಟ್ಟದ್ದು ಎಲ್ಲಿ ಅಂತ ಹುಡುಕಿ, ಅದನ್ನು ಸರಿ ಮಾಡಿ. ಗುಜರಿಯವನಿಗೆ ಫೋನ್ ಮಾಡುವ ಮೊದಲು ನೀವೂ ಪ್ಲಗ್ ಬಿಚ್ಚಿ ಒಮ್ಮೆ ನೋಡಿ.