ರುಡಾಲ್ಫ್ ಡೀಸೆಲ್

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರುಗಳ ದೂರ. ಬೆಳಗಿನ ಹೊತ್ತು ಈ ಹಾದಿಯಲ್ಲಿ ನಿಂತು ನೋಡಿದರೆ ಮೆಕ್ಕೆಜೋಳದ ಮೂಟೆ, ತರಕಾರಿಯ ಬುಟ್ಟಿ, ಮಂಡಕ್ಕಿಯ ಚೀಲಗಳನ್ನು ಹೊತ್ತ ಪಿಕಪ್ ವಾಹನಗಳು ಸಾಲುಸಾಲಾಗಿ ಸಾಗುವುದು ಕಾಣುತ್ತದೆ. ಇವುಗಳಲ್ಲಿ ಎಷ್ಟೋ ವಾಹನಗಳು ಒಂದೊಂದು ಸಂಸಾರದ ಜೀವನಾಧಾರ. ಕೆಲವೊಮ್ಮೆ ಇಂತಹ ಒಂದು ವಾಹನವು ಏರು ಬಂದಾಗ ಶಕ್ತಿಗುಂದಿ, ಮುಗ್ಗರಿಸಿ, ರಸ್ತೆಯ ಬದಿಯ ಗ್ಯಾರೇಜಿನ ಮುಂದೆ ನಿಲ್ಲುತ್ತದೆ. ಮೇಸ್ತ್ರಿಯು ಎಂಜಿನ್ನಿನ ಪಕ್ಕದಲ್ಲಿರುವ ಹಿಡಿಗಾತ್ರದ ಒಂದು ಡಬ್ಬಿಯನ್ನು ಬಿಚ್ಚಿ, ಹೊಸದನ್ನು ಕೂರಿಸುತ್ತಾನೆ. ವಾಹನವು ಮತ್ತೆ ಓಡತೊಡಗುತ್ತದೆ. ಆ ಡಬ್ಬಿಯೇ ಡೀಸೆಲ್ ಫಿಲ್ಟರ್. ದಿನಕ್ಕೆ ಹತ್ತು ಸಲ ಡೀಸೆಲ್ ಎಂಬ ಮಾತನ್ನಾಡುವ ನಮ್ಮಲ್ಲಿ ಅದು ಒಬ್ಬ ಮನುಷ್ಯನ ಹೆಸರೆಂಬುದನ್ನು ಬಲ್ಲವರು ವಿರಳ.

ರುಡಾಲ್ಫ್ ಡೀಸೆಲ್ 1858ನೆಯ ಇಸವಿ ಮಾರ್ಚ್ 18ರಂದು ಪ್ಯಾರಿಸ್ ನಗರದಲ್ಲಿ ಜನಿಸಿದನು. ತಂದೆ ತಾಯಿಗಳು ಜರ್ಮನರು. ತಂದೆಯು ಚರ್ಮದ ವಸ್ತುಗಳನ್ನು ತಯಾರಿಸಿ ಜೀವಿಸುತ್ತಿದ್ದ ಕುಶಲಕರ್ಮಿ. 1870ರಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ಹೊತ್ತಿಕೊಂಡಿತು. ಜರ್ಮನರು ಪ್ಯಾರಿಸನ್ನು ತೊರೆಯಬೇಕಾಯಿತು. ಕುಟುಂಬವು ಲಂಡನ್ನಿಗೆ ವಲಸೆ ಹೋಯಿತು. ಹನ್ನೆರಡು ವರ್ಷದ ಬಾಲಕನನ್ನು ಜರ್ಮನಿಯ ಆಗ್ಸ್‌ಬರ್ಗ್ ನಗರದ ಬಂಧುಗಳ ಮನೆಗೆ ಕಳುಹಿಸಲಾಯಿತು. ಕಷ್ಟದ ದಿನಗಳಲ್ಲಿಯೂ ಆತನು ಓದನ್ನು ಬಿಡಲಿಲ್ಲ. ಮುಂದೆ ಮ್ಯೂನಿಕ್ಕಿನ ತಾಂತ್ರಿಕ ಶಾಲೆಯನ್ನು ಸೇರಿ, 1880ರಲ್ಲಿ ಅತ್ಯುನ್ನತ ಶ್ರೇಣಿಯಲ್ಲಿ ತೇರ್ಗಡೆ ಹೊಂದಿದನು.

ಅಲ್ಲಿ ಆತನ ಗುರುವಾಗಿದ್ದವನು ಶೈತ್ಯಯಂತ್ರಗಳ ತಜ್ಞನಾದ ಕಾರ್ಲ್ ವಾನ್ ಲಿಂಡೆ. ಉಗಿಯಂತ್ರವು ತಾನು ಉರಿಸುವ ಕಲ್ಲಿದ್ದಲಿನ ಶಾಖದಲ್ಲಿ ನೂರಕ್ಕೆ ಹತ್ತು ಪಾಲನ್ನು ಕೂಡ ಕೆಲಸವಾಗಿ ಮಾರ್ಪಡಿಸಲಾರದೆಂದೂ ಉಳಿದುದೆಲ್ಲ ವ್ಯರ್ಥವಾಗುವುದೆಂದೂ ಗುರುವಿನ ಪಾಠದಿಂದ ತಿಳಿದಾಗ ಆತನಿಗೆ ಅಚ್ಚರಿಯಾಯಿತು. ಈ ನಷ್ಟವನ್ನು ತಪ್ಪಿಸುವ ಯಂತ್ರವೊಂದನ್ನು ರಚಿಸಬೇಕೆಂಬ ಸಂಕಲ್ಪ ಅಂದೇ ಮೊಳೆಯಿತು. ಅದರ ಜೊತೆಗೆ ಇನ್ನೊಂದು ಆಸೆಯೂ ಇದ್ದಿತು. ದೊಡ್ಡ ಉಗಿಯಂತ್ರವನ್ನು ಕೊಳ್ಳಬಲ್ಲವರು ಶ್ರೀಮಂತರು ಮಾತ್ರ. ಸಣ್ಣ ಕುಶಲಕರ್ಮಿಗೂ ಅಗ್ಗದ ಶಕ್ತಿ ದೊರೆತರೆ ಆತನು ಸ್ವತಂತ್ರನಾಗಿ ಬದುಕಬಲ್ಲನೆಂದು ಈ ಕುಶಲಕರ್ಮಿಯ ಮಗನು ನಂಬಿದ್ದನು.

ಸೈಕಲ್ಲಿಗೆ ಗಾಳಿ ಹಾಕುವಾಗ ಪಂಪಿನ ತುದಿ ಬಿಸಿಯಾಗುವುದನ್ನು ನೀವು ಕಂಡಿರಬಹುದು. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಬಹಳವಾಗಿ ಒತ್ತಿದರೆ ಎಣ್ಣೆಯನ್ನು ಹೊತ್ತಿಸುವಷ್ಟು ಕಾಯುತ್ತದೆ. ಕಿಡಿಯ ನೆರವಿಲ್ಲದೆ ಇಂಧನವು ತಾನಾಗಿಯೇ ಉರಿಯುವ ಈ ಎಂಜಿನ್ನಿನ ವಿಧಾನಕ್ಕೆ ಡೀಸೆಲ್ 1893ರಲ್ಲಿ ಪೇಟೆಂಟ್ ಪಡೆದನು. ಆಗ್ಸ್‌ಬರ್ಗ್‌ನ ಯಂತ್ರ ಕಾರ್ಖಾನೆಯೊಂದರಲ್ಲಿ ಪ್ರಯೋಗಗಳು ನಡೆದವು. ಅದೇ ವರ್ಷದ ಆಗಸ್ಟ್ ತಿಂಗಳಿನ ಮೊದಲ ಪರೀಕ್ಷೆಯಲ್ಲಿ ಒತ್ತಡವನ್ನು ಅಳೆಯುವ ಉಪಕರಣ ಸಿಡಿದು ಚೂರುಗಳು ಹಾರಿದವು. ಆತನ ಪ್ರಾಣ ಉಳಿದುದೇ ಭಾಗ್ಯ. ಆದರೂ ಆತನು ಎದೆಗುಂದಲಿಲ್ಲ. 1894ರ ಫೆಬ್ರವರಿಯಲ್ಲಿ ಎಂಜಿನ್ ಮೊದಲ ಬಾರಿಗೆ ಸ್ವಂತ ಶಕ್ತಿಯಿಂದ ಸುಮಾರು ಒಂದು ನಿಮಿಷ ಕಾಲ ತಿರುಗಿತು. ಮತ್ತೆ ಮೂರು ವರ್ಷಗಳ ಶ್ರಮದ ಬಳಿಕ, 1897ರಲ್ಲಿ, ತಜ್ಞರ ಪರೀಕ್ಷೆಯಲ್ಲಿ ಅದು ಇಂಧನದ ಶಾಖದಲ್ಲಿ ಶೇಕಡ 26ರಷ್ಟನ್ನು ಕೆಲಸವಾಗಿ ಪರಿವರ್ತಿಸಿತು.

1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಪುಟ್ಟ ಡೀಸೆಲ್ ಎಂಜಿನ್ ಶೇಂಗಾ ಎಣ್ಣೆಯಿಂದ ಓಡಿ ನೋಡಿದವರನ್ನು ಬೆರಗುಗೊಳಿಸಿತು. ರೈತನ ಹೊಲದಲ್ಲಿ ಬೆಳೆದ ಎಣ್ಣೆಯೂ ಮುಂದೊಂದು ದಿನ ಯಂತ್ರಗಳಿಗೆ ಆಹಾರವಾದೀತೆಂದು ಡೀಸೆಲ್ ಭಾವಿಸಿದ್ದನು. ಶೇಂಗಾ ಬೆಳೆಯನ್ನು ಬಲ್ಲ ನಮ್ಮ ಸೀಮೆಯವರಿಗೆ ಈ ಸಂಗತಿ ಆಪ್ತವೆನಿಸದಿರದು.

ಕೀರ್ತಿಯೂ ಹಣವೂ ಆತನನ್ನು ಅರಸಿ ಬಂದವು. ಆದರೆ ನೆಮ್ಮದಿ ಬರಲಿಲ್ಲ. ಪೇಟೆಂಟಿನ ವ್ಯಾಜ್ಯಗಳು ಮತ್ತು ಅತಿಶ್ರಮದಿಂದ ಆರೋಗ್ಯ ಕೆಟ್ಟಿತು. ಆಸ್ತಿಪಾಸ್ತಿಯ ವ್ಯವಹಾರಗಳಲ್ಲಿ ಗಳಿಸಿದ ಹಣ ಕರಗಿ ಸಾಲ ಬೆಳೆಯಿತು. 1913ನೆಯ ಸೆಪ್ಟೆಂಬರ್ 29ರ ರಾತ್ರಿ ಆತನು ಡ್ರೆಸ್ಡನ್ ಎಂಬ ಹಡಗಿನಲ್ಲಿ ಇಂಗ್ಲೆಂಡಿಗೆ ಪ್ರಯಾಣ ಮಾಡುತ್ತಿದ್ದನು. ಬೆಳಗಾದಾಗ ಆತನ ಕೋಣೆ ಬರಿದಾಗಿತ್ತು. ಕೆಲವು ದಿನಗಳ ನಂತರ ಸಮುದ್ರದಲ್ಲಿ ದೊರೆತ ದೇಹವೊಂದರ ಮೇಲಿದ್ದ ವಸ್ತುಗಳನ್ನು ಮಗನು ಗುರುತಿಸಿದನು. ಆ ಸಾವು ಹೇಗಾಯಿತೆಂಬುದು ಇಂದಿಗೂ ನಿಶ್ಚಯವಾಗಿಲ್ಲ. ಆಗ ಆತನಿಗೆ 55 ವರ್ಷ.

ಸಣ್ಣವರ ಕೈಗೆ ಶಕ್ತಿಯನ್ನು ಕೊಡಬೇಕೆಂಬ ಆತನ ಆಸೆ ಆತನ ಜೀವಿತಕಾಲದಲ್ಲಿ ಪೂರ್ಣವಾಗಿ ಕೈಗೂಡಲಿಲ್ಲ. ಎಣ್ಣೆಯನ್ನು ಸಿಲಿಂಡರಿನೊಳಕ್ಕೆ ತಳ್ಳಲು ಆಗ ಒತ್ತಿದ ಗಾಳಿ ಬೇಕಾಗಿತ್ತು. ಅದನ್ನು ಒದಗಿಸುವ ಸಲಕರಣೆಯ ಭಾರದಿಂದ ಎಂಜಿನ್ ರಸ್ತೆಯ ವಾಹನಕ್ಕೆ ಒಗ್ಗಲಿಲ್ಲ. ಗಾಳಿಯ ಸಹಾಯವಿಲ್ಲದೆ ಇಂಧನವನ್ನು ನೇರವಾಗಿ ಚಿಮ್ಮಿಸುವ ಪಂಪನ್ನು ಜರ್ಮನಿಯ ರಾಬರ್ಟ್ ಬಾಷ್ ಎಂಬ ಉದ್ಯಮಿಯ ಕಾರ್ಖಾನೆಯು 1927ರಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ಆ ಬಳಿಕ ಡೀಸೆಲ್ ಲಾರಿಗಳು ಬೇಗಬೇಗನೆ ಹರಡಿದವು.

ಆದರೆ ಈ ಪಂಪು ಬಹು ನಾಜೂಕಾದುದು. ಅದರೊಳಗೆ ಸರಿದಾಡುವ ಭಾಗಗಳ ನಡುವಣ ಸಂದು ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಕೆಲವೇ ಪಾಲು. ತಲೆಗೂದಲಿಗಿಂತ ಎಷ್ಟೋ ಪಟ್ಟು ಕಿರಿದು. 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ದಶಕಗಳ ಕಾಲ ಲೇತುಗಳನ್ನು ನಿರ್ಮಿಸಿದ ಹರಿಹರದ ಕಾರ್ಮಿಕರಿಗೆ ಇಂತಹ ಸೂಕ್ಷ್ಮದ ಬೆಲೆ ಚೆನ್ನಾಗಿ ತಿಳಿದಿತ್ತು. ಕಣ್ಣಿಗೆ ಕಾಣದ ಧೂಳಿನ ಕಣವೂ ಈ ಭಾಗಗಳನ್ನು ಸವೆಸಬಲ್ಲುದು. ನೀರಿನ ಹನಿ ತುಕ್ಕು ಹಿಡಿಸಬಲ್ಲುದು. ಆದ್ದರಿಂದಲೇ ಟ್ಯಾಂಕಿಗೂ ಪಂಪಿಗೂ ನಡುವೆ ಫಿಲ್ಟರ್ ಕಾವಲು ನಿಂತಿದೆ. ಕಸವನ್ನು ತಡೆದು ತಡೆದು ಕೊನೆಗೆ ಅದರ ರಂಧ್ರಗಳೇ ಕಟ್ಟಿಕೊಳ್ಳುತ್ತವೆ. ಆಗ ಎಂಜಿನ್ನಿಗೆ ಆಹಾರ ಸಾಲದು.

ಬಲ್ಲ ಮೇಸ್ತ್ರಿಯು ಫಿಲ್ಟರನ್ನು ಬಿಚ್ಚುವ ಮೊದಲು ಸುತ್ತಲಿನ ಕೊಳೆಯನ್ನು ಒರೆಸುತ್ತಾನೆ, ಬೆಂಕಿಯನ್ನು ದೂರವಿಡುತ್ತಾನೆ, ಹೊಸ ಫಿಲ್ಟರಿಗೆ ಒಳ್ಳೆಯ ರಬ್ಬರ್ ಉಂಗುರವನ್ನು ಹಾಕುತ್ತಾನೆ, ಕೈಪಂಪನ್ನು ಒತ್ತಿ ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೊರಡಿಸುತ್ತಾನೆ. ಗಾಳಿ ಉಳಿದರೆ ಎಂಜಿನ್ ಹೊತ್ತಿಕೊಳ್ಳದು. ಅರ್ಧ ಗಂಟೆಯ ಈ ಕೆಲಸವನ್ನು ಸಕಾಲದಲ್ಲಿ ಮಾಡದವನು ಬೆಲೆಬಾಳುವ ಪಂಪನ್ನೇ ಕಳೆದುಕೊಂಡು ವಾರಗಟ್ಟಲೆ ದುಡಿಮೆಯಿಲ್ಲದೆ ಕುಳಿತಾನು.

ಸ್ವಂತ ವಾಹನವನ್ನು ನಂಬಿ ಬಾಳುವ ಒಬ್ಬೊಬ್ಬ ಚಾಲಕನ ಬದುಕಿನಲ್ಲಿ ಡೀಸೆಲ್ಲನ ಕನಸು ಕೊಂಚಮಟ್ಟಿಗೆ ನನಸಾಗಿದೆ. ಮಹಾಪ್ರತಿಭೆಯು ಲೋಕಕ್ಕೆ ಯಂತ್ರವನ್ನು ಕೊಟ್ಟಿತು. ಅದನ್ನು ಉಳಿಸಿಕೊಳ್ಳುವ ಹೊಣೆ ಸಣ್ಣ ಕೆಲಸವನ್ನೂ ಶ್ರದ್ಧೆಯಿಂದ ಮಾಡುವ ಕೈಗಳದು.